ಫೋನ್ ಹಿಡಿದವನ ಅಮಾನತ್



ರೋಗಿಯನ್ನು ಸಂದರ್ಶಿಸುವುದು ಒಬ್ಬ ಮುಸ್ಲಿಮನಿಗೆ ಇನ್ನೊಬ್ಬನ ಮೇಲಿರುವ ಹಕ್ಕುಗಳಲ್ಲೊಂದೆಂದು ಪ್ರವಾದಿವರ್ಯರು(ಸ) ಕಲಿಸಿದರು. ಕಾಯಿಲೆಗೆ ಚಿಕಿತ್ಸೆ ಪಡೆಯಬೇಕೆಂದೂ ಕಲಿಸಿದರು. ಇಂದು ವೈದ್ಯರೇ ಫೋನಿನಲ್ಲಿ ಮನೆಗೆ ಬರುತ್ತಿದ್ದಾರೆ. ಹಾಗಾದರೆ ರೋಗಿಯ ಬಳಿ ಕುಳಿತುಕೊಳ್ಳುವ ನಮ್ಮ ಹೊಣೆ ಮುಗಿಯಿತೇ?

ಈ ಸೌಲಭ್ಯ ಅಲ್ಲಾಹನ ಅನುಗ್ರಹವೆಂಬುದರಲ್ಲಿ ಸಂದೇಹವಿಲ್ಲ. 2002ರಲ್ಲಿ ಇಸ್ರೋದ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಕಾಡಂಚಿನ ಬಡವನ ಹೃದಯವನ್ನು ರಾಜಧಾನಿಯ ತಜ್ಞರು ಪರಿಶೀಲಿಸುವಂತಾಯಿತು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ದೂರವೈದ್ಯಕ್ಕೆ ನಿಯಮಾವಳಿ ಹೊರಡಿಸಿತು. ಮರುತಿಂಗಳೇ ಮನೆಯಿಂದ ವೈದ್ಯರನ್ನು ಕಾಣುವ ಇ-ಸಂಜೀವಿನಿ ಸೇವೆ ಉಚಿತವಾಗಿ ಆರಂಭವಾಯಿತು.

ಆದರೆ ಒಂದು ಘಟನೆ ನನ್ನನ್ನು ಕಾಡುತ್ತಿದೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಲಿಂಗರಾಜಪುರದ ನಮ್ಮ ನೆರೆಯ ವೃದ್ಧೆಗಾಗಿ ಒಮ್ಮೆ ನಾನೇ ಫೋನ್ ಹಿಡಿದೆ. ಅವರದು ದಖನಿ ಉರ್ದು, ಆಚೆಯ ವೈದ್ಯೆಯದು ಕನ್ನಡ. ಅಜ್ಜಿ ಏನನ್ನೋ ಹೇಳಹೊರಟು, ನನ್ನ ಮುಖ ನೋಡಿ ತಡೆದು, "ಹೊಟ್ಟೆನೋವು, ಅಷ್ಟೇ" ಎಂದರು. ನಾನು ಅಷ್ಟನ್ನೇ ಕನ್ನಡಕ್ಕೆ ತಂದೆ. ಮದ್ದೂ ಅಷ್ಟಕ್ಕೇ ಬಂತು. ಎರಡು ದಿನಗಳ ನಂತರ ನನ್ನ ಪತ್ನಿ ಹೋಗಿ ಪಕ್ಕದಲ್ಲಿ ಕುಳಿತಾಗ, ಹೆಂಗಸರೆದುರು ಮಾತ್ರ ಹೇಳಬಲ್ಲ ಕಾಯಿಲೆಯೊಂದು ತಿಂಗಳುಗಳಿಂದ ಇದ್ದುದು ತಿಳಿಯಿತು. ಆಮೇಲೆ ಅವರನ್ನು ಆಸ್ಪತ್ರೆಗೆ ಕರೆದೊಯ್ದೆವು.

ವೈದ್ಯೆಯದು ತಪ್ಪಲ್ಲ. ಆ ಮೌನವನ್ನು ಕಂಡವನು ನಾನು. ಮಾತನ್ನು ತಲುಪಿಸಿದೆ, ಮೌನವನ್ನು ತಲುಪಿಸಲಿಲ್ಲ. ದೂರದಿಂದ ತೀರ್ಮಾನಿಸಲಾಗದೆಂದು ಕಂಡರೆ ರೋಗಿಯನ್ನು ನೇರವಾಗಿ ಬರಹೇಳಲು ನಿಯಮಾವಳಿಯೇ ವೈದ್ಯರಿಗೆ ಅವಕಾಶ ಕೊಟ್ಟಿದೆ. ಆದರೆ ಅವರಿಗೆ ಹಾಗೆ ಕಾಣಬೇಕಾದರೆ ಈಚೆಯವನು ಕಂಡದ್ದನ್ನು ಹೇಳಬೇಡವೇ?

ಅಮಾನತ್ ಎಂದರೆ ನಂಬಿ ಕೊಟ್ಟ ಹಣ ಮಾತ್ರವೆಂದು ನಾವು ತಿಳಿದಿದ್ದೇವೆ. ರೋಗಿಯ ನೋವೂ ಅಮಾನತ್. ಅದನ್ನು ಕಡಿಮೆ ಮಾಡಿ ಹೇಳುವುದು ದ್ರೋಹ, ಬೀದಿಯಲ್ಲಿ ಹೇಳುವುದೂ ದ್ರೋಹ.

ಆದ್ದರಿಂದ ಸಹೋದರರೇ, ಮುಂದಿನ ಸಲ ಹೆತ್ತವರಿಗಾಗಿ ಫೋನ್ ಹಿಡಿಯುವಾಗ ಮೊದಲು ಕೇಳಿ: "ನಾನಿರಲೇ, ಬೇರೆ ಯಾರನ್ನಾದರೂ ಕರೆಯಲೇ?" ಹೆಂಗಸರ ಬಳಿ ಹೆಂಗಸರೇ ಇರಲಿ, ಕೋಣೆ ಖಾಲಿಯಾಗಲಿ. ಮರುದಿನ ಮತ್ತೆ ಹೋಗಿ ಕುಳಿತುಕೊಳ್ಳಿ. ದೂರದ ವೈದ್ಯರನ್ನು ಹತ್ತಿರ ತಂದ ಯಂತ್ರ, ಹತ್ತಿರದ ನಮ್ಮನ್ನು ದೂರ ಮಾಡದಿರಲಿ.

ಒಪ್ಪಿಸಲ್ಪಟ್ಟದ್ದನ್ನು ಪೂರ್ತಿಯಾಗಿ ತಲುಪಿಸುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.