ತೂತಿಲ್ಲದ ಕೋವಿ

ನಮ್ಮ ಅಣ್ಣನ ಮನೆಯ ನಡುಮನೆಯಲ್ಲಿ, ದೇವರ ಪಟಗಳ ಎದುರಿನ ಗೋಡೆಯ ಮೇಲೆ ಒಂದು ಚಕಮಕಿ ಕಲ್ಲಿನ ಕೋವಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇತ್ತು. ಅಣ್ಣ ಅದನ್ನು 1996ರಲ್ಲಿ ಮೈಸೂರಿನ ಒಬ್ಬ ಹಳೇ ಸಾಮಾನಿನ ವ್ಯಾಪಾರಿಯಿಂದ ಕೊಂಡು ತಂದದ್ದು. ‘1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷ್ ಸಿಪಾಯಿಯ ಕೈಯಲ್ಲಿದ್ದ ರೈಫಲ್ಲು’ ಎನ್ನುತ್ತಿದ್ದ. ಮನೆಗೆ ಬಂದವರಿಗೆ ಕಾಫಿಯ ಜೊತೆಗೆ ಈ ಕಥೆಯೂ ಸಿಗುತ್ತಿತ್ತು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನಾನು ಮೈಸೂರು ಯುದ್ಧಗಳ ಪಾಠ ಬಂದಾಗಲೆಲ್ಲ ಮಕ್ಕಳನ್ನು ಸಾಲು ಮಾಡಿಸಿ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಮಕ್ಕಳು ಅದನ್ನು ಮೆಲ್ಲಗೆ ಮುಟ್ಟಿ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು.

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಗೆ ಮಗಳ ಕಾಲೇಜಿನ ಫೀಸು ಹೊಂದಿಸುವುದು ಕಷ್ಟವಾಯಿತು. ಹಳೆಯ ವಸ್ತುಗಳ ಹುಚ್ಚಿರುವ ಒಬ್ಬರು ಬೆಂಗಳೂರಿನಿಂದ ಬಂದು, ಕೋವಿ ನೋಡಿ, ಕಥೆ ಕೇಳಿ, ಒಂದು ಲಕ್ಷ ಕೊಡುತ್ತೇನೆಂದರು. ‘ಬೆಲೆ ಸರಿಯಾಗಿದೆಯೋ ಇಲ್ಲವೋ, ಯಾರಿಗಾದರೂ ತೋರಿಸಮ್ಮ’ ಎಂದರು ಅತ್ತಿಗೆ. ಕೋವಿ ರಿಪೇರಿಯ ಅಂಗಡಿಯಿಟ್ಟಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿಕಳಿಸಿದೆ.

ಅವನು ಭಾನುವಾರ ಬಂದ. ಮೊದಲು ನಳಿಗೆಯೊಳಕ್ಕೆ ಬೆಳಕು ಬಿಟ್ಟು ನೋಡಿದ. ‘ಟೀಚರ್, ಒಳಗೆ ಸುರುಳಿ ಗೆರೆ ಇದ್ದರೆ ಮಾತ್ರ ರೈಫಲ್ಲು. ಇದು ನುಣುಪು. ಆ ಕಾಲದ ಇಂಗ್ಲಿಷ್ ಸಿಪಾಯಿಗಳ ಕೈಯಲ್ಲಿದ್ದದ್ದೂ ಹೆಚ್ಚಾಗಿ ನುಣುಪು ನಳಿಗೆಯ ಕೋವಿಯೇ. ಅಲ್ಲಿಗೆ ತಪ್ಪೇನಿಲ್ಲ, ಹೆಸರಷ್ಟೇ ತಪ್ಪು’ ಎಂದ. ಕುದುರೆಯ ಪಕ್ಕದ ತಗಡಿನ ಮೇಲೆ ಕಿರೀಟ, ಅದರ ಕೆಳಗೆ ‘ಜಿ.ಆರ್.’, ಹಿಂದೆ ‘ಟವರ್’ ಎಂದು ಕೊರೆದಿತ್ತು. ಜಾರ್ಜ್ ದೊರೆಯ ಗುರುತು, ಲಂಡನ್ ಟವರಿನ ಗುರುತು. ನಾನು ಇಷ್ಟು ವರ್ಷ ಮಕ್ಕಳಿಗೆ ಬೆರಳಿಟ್ಟು ತೋರಿಸುತ್ತಿದ್ದದ್ದು ಇದನ್ನೇ. ‘ಈ ಗುರುತನ್ನು ಯಾರು ಬೇಕಾದರೂ ಕೊರೆಯಬಹುದು ಟೀಚರ್’ ಎಂದು ಅವನು ತಗಡನ್ನು ಬಿಚ್ಚಿದ. ತಿರುಪುಗಳೆಲ್ಲ ಒಂದೇ ಅಳತೆಯವು, ಯಂತ್ರದಲ್ಲಿ ಎಳೆ ಹಾಕಿದವು. ಕೈಯಿಂದ ಮಾಡಿದ ಕಾಲದಲ್ಲಿ ಒಂದರ ತಿರುಪು ಇನ್ನೊಂದಕ್ಕೆ ಸರಿಯಾಗಿ ಕೂರುತ್ತಿರಲಿಲ್ಲವಂತೆ. ಹಿಂಬದಿಯ ಹಿತ್ತಾಳೆ ತೆಗೆದರೆ ಅಡಿಯಲ್ಲಿ ಮರ ಹೊಸದಾಗಿ ಬೆಳ್ಳಗಿತ್ತು. ಇನ್ನೂರು ವರ್ಷ ಲೋಹಕ್ಕೆ ಅಂಟಿಕೊಂಡಿದ್ದ ಮರ ಕಪ್ಪಾಗಿರಬೇಕು. ಮೇಲಿನ ಹಳೆಯ ಬಣ್ಣ ಬರೀ ಪಾಲಿಶ್.

ಕೊನೆಗೆ ಅವನು ಮದ್ದಿನ ಬಟ್ಟಲಿನ ಪಕ್ಕ ಬೆರಳಿಟ್ಟ. ಚಕಮಕಿಯ ಕಿಡಿ ಬಟ್ಟಲಿನ ಮದ್ದಿಗೆ ತಾಗಿ, ಆ ಬೆಂಕಿ ನಳಿಗೆಯೊಳಕ್ಕೆ ಹೋಗಲು ಅಲ್ಲೊಂದು ಸಣ್ಣ ತೂತು ಇರಬೇಕು. ಇದರಲ್ಲಿ ಇರಲೇ ಇಲ್ಲ. ಹಳೆಯ ಯುದ್ಧಗಳನ್ನು ಮತ್ತೆ ಆಡಿ ತೋರಿಸುವ ಹವ್ಯಾಸಿಗಳು ಹೊರದೇಶಗಳಲ್ಲಿದ್ದಾರೆ. ಅವರಿಗಾಗಿ ನಮ್ಮ ದೇಶದಲ್ಲೇ ಇಂಥ ಪ್ರತಿಕೃತಿಗಳನ್ನು ಮಾಡುತ್ತಾರೆ, ತೂತು ಕೊರೆಯದೆ ಅಲಂಕಾರದ ಸಾಮಾನೆಂದು ಕಳಿಸುತ್ತಾರೆ. ಒಂದು ದಿನವೂ ಸಿಡಿಯಲಾರದಿದ್ದ ಕೋವಿಗೆ ನಾವು ಒಂದು ಯುದ್ಧವನ್ನೇ ಕಟ್ಟಿಕೊಟ್ಟಿದ್ದೆವು! ‘ಕೆಲಸ ಚೆನ್ನಾಗಿದೆ. ಹತ್ತು ಸಾವಿರಕ್ಕೆ ಮೋಸವಿಲ್ಲ’ ಎಂದು ಹೇಳಿ ಅವನು ಹೋದ.

ಅತ್ತಿಗೆ ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನಿಮ್ಮಣ್ಣ ಸುಳ್ಳು ಹೇಳಿದರಾ?’ ಎಂದು ಕೇಳಿದರು.

ಇಲ್ಲವೆಂದೆ. ಅಣ್ಣ ನಂಬಿದ್ದನ್ನು ಹೇಳಿದ. ಸುಳ್ಳಾದದ್ದನ್ನು ಹೇಳುವುದೂ ಸುಳ್ಳು ಹೇಳುವುದೂ ಒಂದೇ ಅಲ್ಲ. ನಾನೂ ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದು ಹಾಗೆಯೇ. ಆದರೆ ಆ ಭಾನುವಾರದ ಮೇಲೆ ಅದೇ ಮಾತು ನಮ್ಮ ಬಾಯಲ್ಲಿ ಬೇರೆಯಾಗಿಬಿಟ್ಟಿತು. ಅಕ್ಷರವೊಂದೂ ಬದಲಾಗಿಲ್ಲ, ಆದರೂ ಅಣ್ಣನಲ್ಲಿ ನಂಬಿಕೆಯಾಗಿದ್ದದ್ದು ನಮ್ಮಲ್ಲಿ ಮೋಸವಾಗುತ್ತಿತ್ತು.

‘ನಾವೇನೂ ಹೇಳುವುದು ಬೇಡ. ಅವರೇ ನೋಡಿ ತೆಗೆದುಕೊಳ್ಳಲಿ’ ಎಂದರು ಅತ್ತಿಗೆ. ಸುಮ್ಮನಿರುವುದು ಸುಳ್ಳಾಗುತ್ತದೆಯೇ? ಅಂಕ ಕೂಡಿಸುವಾಗ ನಾನು ತಪ್ಪಿ ಹತ್ತು ಹೆಚ್ಚು ಕೊಟ್ಟರೆ ಬಾಯಿ ಮುಚ್ಚಿಕೊಂಡಿರುವ ಹುಡುಗ ನನಗೇನೂ ಸುಳ್ಳು ಹೇಳಿಲ್ಲ. ಆದರೂ ಉತ್ತರಪತ್ರಿಕೆ ಹಿಡಿದು ‘ಟೀಚರ್, ನನಗೆ ಜಾಸ್ತಿ ಬಂದಿದೆ’ ಎಂದು ಎದ್ದು ನಿಲ್ಲುವವನನ್ನು ನಾವು ಮರೆಯುವುದಿಲ್ಲ. ಬೆಂಗಳೂರಿನವರು ಕೊಳ್ಳಲು ಬಂದದ್ದು ಮರ ಕಬ್ಬಿಣವನ್ನಲ್ಲ, ಕಥೆಯನ್ನು. ಆ ಕಥೆ ಹೇಳಿದವರು ನಾವು. ಹಿಂದೆ ಆಡಿದ ಮಾತು ಇನ್ನೂ ಕೆಲಸ ಮಾಡುತ್ತಿರುವಾಗ ಈಗಿನ ಮೌನ ಬರೀ ಮೌನವಲ್ಲ.

ಇದನ್ನೆಲ್ಲ ಅತ್ತಿಗೆಗೆ ಹೇಳಿದೆ. ಆಗ ಅವರು ಅಂದ ಮಾತು ನನಗೆ ಇನ್ನೂ ಚುಚ್ಚುತ್ತದೆ: ‘ನಿನಗೇನಮ್ಮ, ತಿಂಗಳಾದರೆ ಸಂಬಳ ಬರುತ್ತೆ.’

ನಿಜವಲ್ಲವೇ? ಸತ್ಯ ನನ್ನ ಬಾಯಿಂದ ಬಂತು, ಅದರ ಖರ್ಚು ಅವರ ತಲೆಯ ಮೇಲೆ ಬಿತ್ತು. ತರಗತಿಯಲ್ಲಿ ಇಷ್ಟು ವರ್ಷ ‘ಸತ್ಯವನ್ನೇ ಹೇಳಿ’ ಎಂದು ಮಕ್ಕಳಿಗೆ ಹೇಳಿದ್ದೇನೆ. ಅದರ ಬೆಲೆಯನ್ನು ಯಾರು ಕೊಡಬೇಕೆಂದು ಒಂದು ದಿನವೂ ಹೇಳಿರಲಿಲ್ಲ. ಇನ್ನೊಬ್ಬರ ಗಂಟಿನಿಂದ ನಾನು ಸತ್ಯವಂತಳಾಗುವುದು ಯಾವ ನ್ಯಾಯ? ಮಾರನೆಯ ದಿನ ನಮ್ಮ ಸೊಸೈಟಿಯಲ್ಲಿ ಐವತ್ತು ಸಾವಿರ ಸಾಲಕ್ಕೆ ಅರ್ಜಿ ಹಾಕಿದೆ. ಇದನ್ನು ದೊಡ್ಡತನವೆಂದು ಹೇಳುತ್ತಿಲ್ಲ. ನಾನು ಎತ್ತಿದ ಮಾತಿನ ಪಾಲನ್ನು ನಾನೂ ಹೊರಬೇಕಿತ್ತು, ಅಷ್ಟೆ. ಅದರಲ್ಲೂ ಅದು ಅರ್ಧ ಪಾಲು ಮಾತ್ರ. ಉಳಿದರ್ಧಕ್ಕೆ ಅತ್ತಿಗೆ ಬಳೆ ಅಡವಿಟ್ಟರು.

ಬೆಂಗಳೂರಿನವರಿಗೆ ಫೋನು ಮಾಡಿ ವಿಷಯ ಹೇಳಿದವರು ಅತ್ತಿಗೆಯೇ. ಅವರು ಥ್ಯಾಂಕ್ಸ್ ಹೇಳಿದರು, ಮತ್ತೆ ಬರಲಿಲ್ಲ.

ಕೋವಿ ಈಗಲೂ ಅದೇ ಗೋಡೆಯ ಮೇಲಿದೆ. ಈ ವರ್ಷವೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಇದು ಪ್ರತಿಕೃತಿ, ನಿಜವಾದದ್ದು ಹೀಗಿರುತ್ತಿತ್ತು ಎಂದು ಮೊದಲೇ ಹೇಳಿದೆ. ಕುದುರೆ, ಚಕಮಕಿ, ಬಟ್ಟಲು ಎಲ್ಲವನ್ನೂ ತೋರಿಸಿ, ‘ಇದು ಯಾಕೆ ಸಿಡಿಯುವುದಿಲ್ಲ, ಹುಡುಕಿ’ ಎಂದೆ. ಅವರು ಮೆಲ್ಲಗೆ ಮುಟ್ಟಿ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ, ಮುಗಿಬಿದ್ದು ಹುಡುಕಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಬೆಂಕಿ ಒಳಗೆ ಹೋಗೋಕೆ ದಾರಿನೇ ಇಲ್ಲ ಟೀಚರ್’ ಎಂದು ಕೂಗಿದಳು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ನಕ್ಕು, ಎಲ್ಲರಿಗೂ ಪಾನಕ ತರಲು ಒಳಗೆ ಹೋದರು.