ಬಿತ್ತುವವನ ಕೈಯಲ್ಲಿನ ಬೀಜ

ಮುಂಗಾರಿಗೆ ಮುನ್ನ ಬಿತ್ತನೆ ಬೀಜವನ್ನು ದೇವಾಲಯಕ್ಕೆ ತಂದು ಮಂತ್ರಿಸಿಕೊಂಡು ಹೋಗುವ ಭಕ್ತಿ ನಮ್ಮ ಕೆಲವು ರೈತಕುಟುಂಬಗಳಲ್ಲಿ ಇನ್ನೂ ಉಳಿದಿದೆ. ಕೆಲವು ವರ್ಷಗಳ ಹಿಂದೆ ಬಿಳಿಕೆರೆ ಸೀಮೆಯಲ್ಲಿ, ರಾಗಿ ಅವರೆಗಳ ಮೊರದ ಪಕ್ಕದಲ್ಲಿ, ಕೋಟೆ ಕಡೆ ಹೊಲವಿರುವ ಹಿರಿಯರೊಬ್ಬರು ಬಿ.ಟಿ. ಹತ್ತಿಬೀಜದ ಪೊಟ್ಟಣವನ್ನಿಟ್ಟು ಸಂಕೋಚದಿಂದ ಕೇಳಿದರು: "ಇದನ್ನೂ ಮಂತ್ರಿಸಬಹುದಾ ಸ್ವಾಮಿ?"

ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಗುಣವನ್ನು ಹತ್ತಿಗೆ ಸೇರಿಸಿ, ಕಾಯಿಕೊರಕ ಹುಳುವಿಗೆ ಗಿಡವೇ ವಿಷವಾಗುವಂತೆ ಮಾಡಿದ ಬೀಜ ಅದು. 1998ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತಸಂಘವು ರಾಯಚೂರು ಸೀಮೆಯಲ್ಲಿ ಪ್ರಯೋಗಕ್ಕೆ ಬೆಳೆದಿದ್ದ ಗಿಡಗಳನ್ನು ಕಿತ್ತು ಸುಟ್ಟಿತು. 2002ರಲ್ಲಿ ಕೇಂದ್ರದ ಅನುಮತಿ ದೊರೆಯಿತು. ಹತ್ತಿಹೊಲಗಳ ಬಹುಪಾಲು ಅದರದೇ ಆಯಿತು. ಬಿ.ಟಿ. ಬದನೆಗೆ ಮಾತ್ರ, ಬೆಂಗಳೂರೂ ಸೇರಿದಂತೆ ಹಲವೆಡೆ ಜನರ ಅಹವಾಲು ಆಲಿಸಿದ ಬಳಿಕ, 2010ರ ಫೆಬ್ರವರಿಯಲ್ಲಿ ಸಚಿವ ಜೈರಾಂ ರಮೇಶ್ ತಡೆ ನೀಡಿದರು.

ದೇವರ ಸೃಷ್ಟಿಯನ್ನು ಮನುಷ್ಯ ಮುಟ್ಟಿದ್ದೇ ಪಾಪವೆಂದು ನಾನು ಹೇಳಲಾರೆ. ಬೆನ್ನಿಗೆ ವಿಷದ ಡ್ರಮ್ಮು ಹೊತ್ತು ಹತ್ತಿಸಾಲುಗಳ ನಡುವೆ ನಡೆಯುವ ಕೂಲಿಯಾಳಿನ ಹೊರೆ ಒಂದು ಬೀಜದಿಂದ ಇಳಿಯುವುದಾದರೆ ಅದು ದಯೆಯ ಕಾರ್ಯವೇ. ಮೊದಲ ವರ್ಷಗಳಲ್ಲಿ ಸಿಂಪಡಣೆ ಇಳಿದದ್ದೂ ನಿಜ. ಗುಲಾಬಿ ಕಾಯಿಕೊರಕ ಆ ವಿಷವನ್ನು ಅರಗಿಸಿಕೊಂಡ ಮೇಲೆ ಡ್ರಮ್ಮು ಮತ್ತೆ ಬೆನ್ನೇರಿದ್ದೂ ನಿಜ. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ಈ ತಂತ್ರಜ್ಞಾನವನ್ನು ಸಾರಾಸಗಟಾಗಿ ಖಂಡಿಸಲಿಲ್ಲ. ಅದು ಕಾಲಿಟ್ಟ ಹಲವೆಡೆ ಭೂಮಿ ಕೆಲವರ ಕೈಸೇರಿ ಸಣ್ಣ ರೈತರು ನೆಲೆತಪ್ಪಿದ್ದನ್ನು ಮಾತ್ರ ಮರೆಯದೆ ಹೇಳಿದರು.

ನಾನು ಪೊಟ್ಟಣವನ್ನು ಮಂತ್ರಿಸಿ, "ಬರುವ ವರ್ಷಕ್ಕೆ ಬೀಜ ಎತ್ತಿಡುತ್ತೀರಾ?" ಎಂದೆ. "ಇದನ್ನ ಎತ್ತಿಡಂಗಿಲ್ಲ ಸ್ವಾಮಿ, ಅಂಗಡಿಗೇ ಹೋಗಬೇಕು" ಎಂದರು.

ಆಗ ನೆನಪಾದದ್ದು ಆದಿಕಾಂಡದ ಜೋಸೆಫ. ಬರಗಾಲದಲ್ಲಿ ಹಣವೂ ದನಕರುಗಳೂ ಮುಗಿದಾಗ, ಐಗುಪ್ತದ ಜನರು ಬೀಜ ಬೇಡಿ ಹೊಲಗಳನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸಿದರು. ಜೋಸೆಫ ಬೀಜ ಕೊಟ್ಟ. ಬೆಳೆಯಲ್ಲಿ ಐದರಲ್ಲೊಂದು ಪಾಲು ಅರಮನೆಗೆ ಎಂದ. ಜನ ಅವನಿಗೆ ಕೃತಜ್ಞರಾಗಿಯೇ ಇದ್ದರು, ಪ್ರಾಣ ಉಳಿದಿತ್ತಲ್ಲ! ಜೋಸೆಫ ದುಷ್ಟನಲ್ಲ, ಬೀಜವೂ ಕೆಟ್ಟದ್ದಲ್ಲ. ಆದರೂ ಬಿತ್ತುವವನು ಒಡೆಯನಾಗಿ ಉಳಿಯಲಿಲ್ಲ.

ಪ್ರಾಮಾಣಿಕವಾಗಿ ಹೇಳಬೇಕೆಂದರೆ ವರ್ಷವರ್ಷ ಬೀಜ ಕೊಳ್ಳುವ ಈ ಕಟ್ಟು ಬಿ.ಟಿ.ಯಿಂದ ಆರಂಭವಾದದ್ದಲ್ಲ. ಹೈಬ್ರಿಡ್ ಹತ್ತಿಯ ಕಾಲದಿಂದಲೇ ಬಂದದ್ದು, ಬಿ.ಟಿ. ಅದನ್ನು ಬಿಗಿಗೊಳಿಸಿತು. ಹೊಗೆಸೊಪ್ಪು ಬೆಳೆದು ಬದುಕುವ ಹುಣಸೂರು, ಪಿರಿಯಾಪಟ್ಟಣದ ನಾವು ಹತ್ತಿಯವರಿಗೆ ನೀತಿ ಬೋಧಿಸುವ ಮುನ್ನ ತುಸು ತಲೆತಗ್ಗಿಸುವುದೂ ಲೇಸು.

ರೈತನು ತಾನು ಬೆಳೆದ ಬೀಜವನ್ನು ಉಳಿಸಲು, ಹಂಚಲು, ಬ್ರಾಂಡಿನ ಹೆಸರಿಲ್ಲದೆ ಮಾರಲು 2001ರ ಕೇಂದ್ರ ಕಾಯಿದೆ ಹಕ್ಕು ನೀಡಿದೆ. ಇದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕಿರು ಕ್ರೈಸ್ತ ಸಮುದಾಯದ ಸಭೆಗಳಲ್ಲಿ ಪ್ರಾರ್ಥನೆ ಮುಗಿದ ಮೇಲೆ ಯಾರ ಮನೆಯ ಮಡಕೆಯಲ್ಲಿ ಯಾವ ರಾಗಿ, ಯಾವ ಅವರೆ ಉಳಿದಿದೆಯೆಂದು ವಿಚಾರಿಸಬಹುದು. ಅಂದು ಮೊರ ತಂದಿದ್ದ ತಾಯಿ ತಮ್ಮ ಅವರೆಯಲ್ಲಿ ಒಂದು ಬೊಗಸೆಯನ್ನು ಆ ಹಿರಿಯರ ಟವೆಲಿಗೆ ಸುರಿದರು.