ಕೆಲವು ಕ್ಲಾಸಿನಲ್ಲಿ, ಕೆಲವು ಕೆಲಸದಲ್ಲಿ

ಸೋಮೇಶ್ವರ ಶತಕದಲ್ಲಿ ಕಲಿಕೆಯ ಬಗ್ಗೆ ಒಂದು ಪದ್ಯವಿದೆ. ಹಳೆಯ ತಲೆಮಾರಿನ ಬಹಳ ಜನಕ್ಕೆ ಅದು ಇವತ್ತಿಗೂ ಬಾಯಿಪಾಠ. ತಾತ್ಪರ್ಯ ಇಷ್ಟು: ಮನುಷ್ಯ ಕೆಲವು ಸಂಗತಿಗಳನ್ನು ತಿಳಿದವರಿಂದ ಕಲಿಯುತ್ತಾನೆ, ಕೆಲವನ್ನು ಶಾಸ್ತ್ರ ಕೇಳಿ, ಕೆಲವನ್ನು ಮಾಡುವವರನ್ನು ಕಂಡು, ಕೆಲವನ್ನು ತನ್ನದೇ ವಿವೇಕದಿಂದ, ಕೆಲವನ್ನು ಸಜ್ಜನರ ಒಡನಾಟದಲ್ಲಿ. ಹೀಗೆ ಕಲಿತೇ ಅವನು ಎಲ್ಲ ಬಲ್ಲವನಾಗುತ್ತಾನೆ. ಹಲವು ಹಳ್ಳ ಹರಿದು ಬಂದೇ ಅಲ್ಲವೇ ಸಮುದ್ರ ತುಂಬುವುದು?

ಈ ಶತಕದ ಕವಿ ಪುಲಿಗೆರೆಯ ಸೋಮನಾಥ ಎಂಬುದು ರೂಢಿಯ ಮಾತು. ವಿದ್ವಾಂಸರಲ್ಲಿ ಅದರ ಬಗ್ಗೆ ತಕರಾರು ಇದೆ, ಅದು ಅವರಿಗಿರಲಿ. ಪುಲಿಗೆರೆ ಅಂದರೆ ಇವತ್ತಿನ ಲಕ್ಷ್ಮೇಶ್ವರ. 1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವ ತನಕ ಅದು ಧಾರವಾಡ ಜಿಲ್ಲೆಯದೇ ಊರು. ಅಲ್ಲಿಯ ಹುಡುಗ ಹುಡುಗಿಯರು ಕಾಲೇಜು ಅಂದರೆ ಈಗಲೂ ಹುಬ್ಬಳ್ಳಿ, ಧಾರವಾಡದ ಕಡೆಗೇ ಮುಖ ಮಾಡುತ್ತಾರೆ. ಹಾಗಾಗಿ ಈ ಪದ್ಯವನ್ನು ಇಲ್ಲಿಯ ವಿದ್ಯಾರ್ಥಿಗಳಿಗೆ ಹಚ್ಚಿ ನೋಡಿದರೆ ಕವಿ ಬೇಸರ ಮಾಡಿಕೊಳ್ಳಲಿಕ್ಕಿಲ್ಲ.

ಕವಿ ಎಣಿಸಿದ ಐದರಲ್ಲಿ ಮೊದಲಿನ ಎರಡು ಕಾಲೇಜಿನೊಳಗೇ ಸಿಗುತ್ತವೆ: ಮಾಸ್ತರರು ಮತ್ತು ಪುಸ್ತಕ. ಮೂರನೆಯದು ಕೆಲಸದ ಜಾಗದಲ್ಲಿ. ಐದನೆಯದು ಗೆಳೆಯರಲ್ಲಿ. ನಾಲ್ಕನೆಯದಕ್ಕೆ, ಅಂದರೆ ಸ್ವಂತ ವಿವೇಕಕ್ಕೆ, ಯಾವ ಕಾಲೇಜಿನ ವೇಳಾಪಟ್ಟಿಯಲ್ಲೂ ಪಿರಿಯಡ್ ಇಟ್ಟಿಲ್ಲ. ಐದರಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಅಂತ ಕವಿ ಹೇಳುವ ಗೋಜಿಗೇ ಹೋಗಿಲ್ಲ. ನಾವು ಮಾತ್ರ ಮಕ್ಕಳ ಕೈಗೆ ಒಂದು ತಕ್ಕಡಿ ಕೊಟ್ಟು, ಓದು ಇಷ್ಟು, ದುಡಿಮೆ ಇಷ್ಟು, ದೋಸ್ತಿ ಇಷ್ಟು ಎಂದು ತೂಗಿಸಲು ಕೂರುತ್ತೇವೆ. ತಕ್ಕಡಿಯಲ್ಲಿ ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಆಗ ಗೆಳೆಯನ ಜೊತೆ ಚಹಾ ಕುಡಿದದ್ದೂ ಓದಿನಿಂದ ಕದ್ದ ಹೊತ್ತು ಅನ್ನಿಸತೊಡಗುತ್ತದೆ. ಕವಿಯದು ಕೂಡಿಸುವ ಲೆಕ್ಕ. ನನಗೆ ಅದೇ ಸರಿ ಕಾಣುತ್ತದೆ, ಒಂದು ಷರತ್ತಿನ ಮೇಲೆ. ಆ ಷರತ್ತು ಆಮೇಲೆ ಬರುತ್ತದೆ.

ಮೊದಲು ಕೆಲಸದ ಜಾಗ. ಮದುವೆಯ ದಿನಗಳಲ್ಲಿ ಹುಬ್ಬಳ್ಳಿಯ ಯಾವುದಾದರೂ ಕಲ್ಯಾಣ ಮಂಟಪಕ್ಕೆ ಹೋಗಿ ಪಂಕ್ತಿಯಲ್ಲಿ ಕೂಡ್ರಿ. ಬಕೆಟ್ಟು, ಸೌಟು ಹಿಡಿದು ಓಡಾಡುವ ಹುಡುಗರನ್ನು ಮಾತಾಡಿಸಿದರೆ ಒಬ್ಬ ಬಿ.ಕಾಂ., ಇನ್ನೊಬ್ಬ ಬಿ.ಎ., ಮತ್ತೊಬ್ಬ ಐ.ಟಿ.ಐ. ಎಂದು ತಿಳಿಯುತ್ತದೆ. ‘ಬಡಸಾಕ ಹೋಗೂದು’ ಅಂತಲೇ ಈ ಕೆಲಸದ ಹೆಸರು. ಮರುದಿನ ಮೊದಲ ಪಿರಿಯಡ್ಡಿಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದವನಿಗೆ “ಯಾಕೋ ತಮ್ಮಾ, ನಿದ್ದಿ ಆಗಿಲ್ಲೇನು?” ಅಂದರೆ, “ರಾತ್ರಿ ಬಡಸಾಕ ಹೋಗಿದ್ನಿರಿ ಸರ, ಪಾತ್ರಿ ಎಣಿಸಿ ಗಾಡಿಗೆ ಹೇರೂದ್ರಾಗ ಎರಡ ಹೊಡೀತು” ಅನ್ನುತ್ತಾನೆ.

ಆ ರಾತ್ರಿ ಅವನು ಏನು ಕಲಿತ? ಅಡಿಗೆಯ ಭಟ್ಟರು ಮೊದಲ ಪಂಕ್ತಿ ಕೂತಾಗ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸುತ್ತಾರೆ. ಮುದುಕರು ಎಷ್ಟು, ಹುಡುಗರು ಎಷ್ಟು, ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬಂದು ಹಸಿದು ಕೂತವರು ಎಷ್ಟು ಎಂದು ನೋಡಿ, ಒಳಗೆ ಹೋಗಿ ಮುಂದಿನ ಹಂಡೆಗೆ ಅಕ್ಕಿ ಎಷ್ಟು ಬಿಡಬೇಕೆಂದು ಹೇಳುತ್ತಾರೆ. ಚಪಾತಿ ಸಾವಕಾಶ ಬಿಡು, ಹುಗ್ಗಿ ಎರಡನೇ ಸಲ ಕೇಳು, ಅನ್ನಕ್ಕೆ ಅವಸರ ಮಾಡಬೇಡ ಎಂದು ಹುಡುಗರಿಗೆ ಅಪ್ಪಣೆಯಾಗುತ್ತದೆ. ಅಕ್ಕಿ ಉಳಿಯುವುದಿಲ್ಲ, ಅನ್ನ ಕಡಿಮೆ ಬೀಳುವುದಿಲ್ಲ. ನಾಲ್ಕಾರು ಮದುವೆ ದಾಟಿದ ಮೇಲೆ ಬಡಿಸುವವನಿಗೂ ಈ ಅಂದಾಜು ಹತ್ತುತ್ತದೆ. ಅವನ ವಾಣಿಜ್ಯದ ಪುಸ್ತಕದಲ್ಲಿ ಬೇಡಿಕೆಯ ಅಂದಾಜು ಎಂಬ ಪಾಠವಿದೆ. ಅದನ್ನು ಓದುವಾಗ ಭಟ್ಟರ ಮುಖ ಕಣ್ಣ ಮುಂದೆ ಬಂದರೆ ಎರಡು ಹಳ್ಳ ಕೂಡಿದವೆಂದೇ ಲೆಕ್ಕ. ಬರದೆ ಹೋದರೆ ತಪ್ಪು ಹುಡುಗನದಷ್ಟೇ ಅಲ್ಲ. ಕ್ಲಾಸಿನಲ್ಲಿ ಅವನನ್ನು ‘ಏನು ನೋಡಿ ಬಂದಿ?’ ಎಂದು ಯಾರೂ ಕೇಳುವುದಿಲ್ಲ.

ಕವಿ ದುಡಿಮೆಯಿಂದ ಕಲಿಯುತ್ತಾರೆ ಅಂದಿಲ್ಲ, ಮಾಡುವವರನ್ನು ಕಂಡು ಕಲಿಯುತ್ತಾರೆ ಅಂದಿದ್ದಾನೆ. ಮುಂದೆ ಒಬ್ಬ ಬಲ್ಲವನು ಇರಬೇಕು, ಅವನ ಕೈ ನೋಡಲು ಸಿಗಬೇಕು. ಈ ಮಾತು ಹಿಡಿದು ಇವತ್ತಿನ ಕೆಲಸಗಳನ್ನು ನೋಡಿದರೆ ಕೆಲವು ನಪಾಸಾಗುತ್ತವೆ. ಹುಬ್ಬಳ್ಳಿಯ ವಿದ್ಯಾನಗರ, ಕೊಪ್ಪಿಕರ ರಸ್ತೆಯ ಹೋಟೆಲುಗಳ ಮುಂದೆ ಬೈಕು ನಿಲ್ಲಿಸಿ ಮೊಬೈಲು ನೋಡುತ್ತ ನಿಂತ ಡೆಲಿವರಿ ಹುಡುಗನಿಗೆ ಮೇಸ್ತ್ರಿ ಇಲ್ಲ, ಮಾಲಕ ಇಲ್ಲ, ಜೊತೆಗಾರನೂ ಇಲ್ಲ. ದಾರಿ ಮೊಬೈಲು ಹೇಳುತ್ತದೆ, ಕೂಲಿಯೂ ಮೊಬೈಲಿನಲ್ಲೇ ಜಮೆ ಆಗುತ್ತದೆ. ಬೇಕಾದಾಗ ಹೊರಡಬಹುದು, ಬೇಡವಾದಾಗ ಬಿಡಬಹುದು ಎಂಬ ಅನುಕೂಲ ಇದೆ, ನಿಜ. ಆದರೆ ಊಟದ ಹೊತ್ತಿಗೇ ಆರ್ಡರು ಹೆಚ್ಚು. ಮಧ್ಯಾಹ್ನದ ಕ್ಲಾಸು ತಪ್ಪುವುದೂ ಆ ಹೊತ್ತಿಗೇ. ಇದಕ್ಕೆ ಹೋಲಿಸಿದರೆ ಕಾಲೇಜಿನ ಎದುರಿಗಿನ ಝೆರಾಕ್ಸ್ ಅಂಗಡಿ, ದಾಜಿಬಾನ ಪೇಟೆಯ ಬಟ್ಟೆ ಅಂಗಡಿಯಲ್ಲಿ ದೀಪಾವಳಿಯ ಗದ್ದಲ, ಏಳನೇ ಇಯತ್ತೆಯ ಮಕ್ಕಳಿಗೆ ಸಂಜೆಯ ಟ್ಯೂಶನ್ನು, ಇವು ಕೂಲಿ ಕಡಿಮೆ ಕೊಟ್ಟರೂ ಏನಾದರೂ ಕಲಿಸಿ ಕಳಿಸುತ್ತವೆ.

ಇದನ್ನು ಬರೆಯುವುದು ಸುಲಭ. ರೂಮಿನ ಬಾಡಿಗೆ, ಖಾನಾವಳಿಯ ತಿಂಗಳ ರೊಕ್ಕ, ಪರೀಕ್ಷೆ ಫೀಯ ಕೊನೆಯ ದಿನ ಮೂರೂ ಒಟ್ಟಿಗೆ ಬಂದವನಿಗೆ ‘ಕಲಿಯುವಂಥ ಕೆಲಸ ಆರಿಸಿಕೋ’ ಅನ್ನುವುದು ಹೊಟ್ಟೆ ತುಂಬಿದವರ ಮಾತು. ಮೊದಲು ಊಟ ಗಟ್ಟಿಯಾಗಬೇಕು. ಧಾರವಾಡ ಇದನ್ನು ಹಿಂದೆಯೇ ಅರಿತ ಊರು. ವಾರಾನ್ನದ ಪದ್ಧತಿ ಇದ್ದ ಕಾಲದಲ್ಲಿ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ಮನೆಯಲ್ಲಿ ಉಂಡು ಓದಿದವರಿದ್ದರು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಕಾಲೇಜು ಮುಗಿಸಿದ ಹಳ್ಳಿಯ ಮಕ್ಕಳು ಉತ್ತರ ಕರ್ನಾಟಕದ ಊರೂರಿನಲ್ಲಿ ಇದ್ದಾರೆ. ವಾರಾನ್ನದಲ್ಲಿ ಜಾತಿಯ ಗೋಡೆ ಇತ್ತು, ಹಂಗೂ ಇತ್ತು. ಅದನ್ನು ಹೊಗಳುವುದು ನನ್ನ ಉದ್ದೇಶವಲ್ಲ. ವಿದ್ಯಾರ್ಥಿಯ ಊಟ ಊರಿನ ಜವಾಬ್ದಾರಿ ಎಂಬ ತಿಳಿವಳಿಕೆ ಇತ್ತು, ಅಷ್ಟೇ. ಈಗ ಆ ಜವಾಬ್ದಾರಿಯನ್ನು ಊರು ಹುಡುಗನ ಬೈಕಿನ ಮೇಲೆ ಹೇರಿದೆ.

ಹೊತ್ತು ಮತ್ತು ರೊಕ್ಕದ ಜಗಳ ಕಾಣಬೇಕೆಂದರೆ ನಸುಕಿನಲ್ಲಿ ಹುಬ್ಬಳ್ಳಿಯ ಹೊಸೂರಿನ ಬಸ್ ನಿಲ್ದಾಣಕ್ಕೆ ಹೋಗಬೇಕು. ಹುಬ್ಬಳ್ಳಿ, ಧಾರವಾಡಗಳ ನಡುವೆ ಸುಮಾರು 22 ಕಿಲೋಮೀಟರು, ಅದಕ್ಕೆಂದೇ ಬೇರೆ ದಾರಿ, ಅದರಲ್ಲಿ ಹವಾನಿಯಂತ್ರಿತ ಚಿಗರಿ ಬಸ್ಸು. 2020ರ ಫೆಬ್ರುವರಿಯಲ್ಲಿ ಈ ಬಿ.ಆರ್.ಟಿ.ಎಸ್. ಅಧಿಕೃತವಾಗಿ ಉದ್ಘಾಟನೆಯಾಯಿತು. ಮುಂದೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಎ.ಸಿ. ಬಸ್ಸಿಗೆ ಆ ಸೌಲಭ್ಯವಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓದಲು ಹೋಗುವ ಹುಡುಗಿಯೊಬ್ಬಳಿಗೆ ದಿನವೂ ಇದೇ ಪ್ರಶ್ನೆ: ರೊಕ್ಕ ಕೊಟ್ಟು ಬೇಗ ಮುಟ್ಟಬೇಕೋ, ಪುಕ್ಕಟೆ ಹೋಗಿ ತಡವಾಗಬೇಕೋ? ಇಂಟರ್ನಲ್ಸ್ ಇರುವ ದಿನ ಚಿಗರಿ, ಉಳಿದ ದಿನ ಕೆಂಪು ಬಸ್ಸು ಎಂದು ಅವಳು ತೀರ್ಮಾನಿಸಿದರೆ, ಅಲ್ಲಿ ಕೆಲಸ ಮಾಡಿದ್ದು ಕವಿ ಹೇಳಿದ ನಾಲ್ಕನೆಯದು, ಪದ್ಯದ ಮಾತಿನಲ್ಲಿ ಸುಜ್ಞಾನ. ಸುಜ್ಞಾನ ಅಂದರೆ ಬಹಳ ದೊಡ್ಡದೇನೋ ಎಂದು ವ್ಯಾಖ್ಯಾನಕಾರರು ಹೆದರಿಸುತ್ತಾರೆ; ದಿನನಿತ್ಯದಲ್ಲಿ ಅದು ಇಂಥದ್ದೇ.

ಇದೇ ಸೀಮೆಯಲ್ಲಿ ಇದಕ್ಕಿಂತ ಕಷ್ಟದ ಓಡಾಟ ಮಾಡಿದವರು ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ನೆಲೆಸಿದವರು, ಶಾಲೆ ಕಲಿತದ್ದು ಕಡಿಮೆ. 1930ರ ದಶಕದ ಕೊನೆಗೆ ಸವಾಯಿ ಗಂಧರ್ವರ ಹತ್ತಿರ ಸಂಗೀತ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಮನೆಯಲ್ಲಿ ಮಕ್ಕಳು, ಸಂಸಾರದ ಹೊರೆ, ಕಛೇರಿ ಮಾಡಿ ಗಳಿಸಲೇಬೇಕಾದ ಪರಿಸ್ಥಿತಿ. ರಾತ್ರಿ ಪಾಠ ಮುಗಿದ ಮೇಲೆ ಅಲ್ಲೇ ಗುರುಸೇವೆಯಲ್ಲಿದ್ದ ಹುಡುಗ ಭೀಮಸೇನ ಜೋಶಿ ಗಂಗೂಬಾಯಿಯವರನ್ನು ನಿಲ್ದಾಣದ ತನಕ ಬಿಟ್ಟುಬರುತ್ತಿದ್ದರು. ಗುರು, ಗಳಿಕೆ, ಗುರುಭಾಯಿ ಮೂರೂ ಒಂದೇ ರೈಲುದಾರಿಯಲ್ಲಿ ಸಿಕ್ಕವು. ಗುರುಗಳು ಕೊಟ್ಟದ್ದು ಸ್ವಲ್ಪ, ಉಜ್ಜಿಸಿದ್ದು ಬಹಳ. ಎಲ್ಲವನ್ನೂ ಬೇಗ ಮುಗಿಸಬೇಕೆಂಬ ಇವತ್ತಿನ ಸೆಮಿಸ್ಟರಿಗೆ ಆ ಪಾಠದ ವೇಗ ಹೊಂದುವುದಿಲ್ಲ.

ಒಡನಾಟದ ಮಾತಿಗೆ ಧಾರವಾಡಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬೇಂದ್ರೆಯವರ ಸುತ್ತ 1920ರ ದಶಕದಲ್ಲಿ ಕೂಡಿದ ಗೆಳೆಯರ ಗುಂಪಿನಲ್ಲಿ ಸಾಲಿ ಮಾಸ್ತರರಿದ್ದರು, ಕಾಲೇಜು ವಿದ್ಯಾರ್ಥಿಗಳಿದ್ದರು. ಕರ್ನಾಟಕ ಕಾಲೇಜಿನಲ್ಲಿ ಓದುತ್ತಿದ್ದ ವಿ.ಕೃ. ಗೋಕಾಕರಿಗೆ ಇಂಗ್ಲಿಷ್ ಸಾಹಿತ್ಯ ಕ್ಲಾಸಿನಲ್ಲಿ ಸಿಕ್ಕಿತು, ಕನ್ನಡ ಕಾವ್ಯದ ಹುಚ್ಚು ಹಿಡಿದದ್ದು ಬೇಂದ್ರೆಯವರ ಬಳಗದಲ್ಲಿ. ಬೇಂದ್ರೆ ಗೋಕಾಕರ ಕಾಲೇಜಿನ ಪ್ರಾಧ್ಯಾಪಕರಾಗಿರಲಿಲ್ಲ. ಮುಂದೆ ಇಬ್ಬರಿಗೂ ಜ್ಞಾನಪೀಠ ಬಂತು: 1973ರದು ಬೇಂದ್ರೆಯವರಿಗೆ, 1990ರದು ಗೋಕಾಕರಿಗೆ. ಬೇಂದ್ರೆಯವರದೇ ಓದಿನ ಚರಿತ್ರೆಯೂ ಸ್ವಾರಸ್ಯದ್ದು. ಬಿ.ಎ. ಮುಗಿಸಿದ್ದು 1918ರಲ್ಲಿ, ಎಂ.ಎ. ಆದದ್ದು 1935ರಲ್ಲಿ. ನಡುವೆ ಮಾಸ್ತರಿಕೆ, ಗುಂಪು, ಪತ್ರಿಕೆ, ‘ನರಬಲಿ’ ಕವಿತೆಗಾಗಿ ಸೆರೆಮನೆ. ಇವತ್ತಿನ ನೌಕರಿಯ ಸಂದರ್ಶನದಲ್ಲಿ ‘ಈ ಹದಿನೇಳು ವರ್ಷ ಏನು ಮಾಡಿದಿರಿ?’ ಎಂದು ಕೇಳಿಬಿಡುತ್ತಿದ್ದರು.

ಅಂಥ ಗುಂಪು ಈಗ ಎಲ್ಲಿದೆ ಎಂದು ಕೇಳುವವರು ಧಾರವಾಡದ ಸಪ್ತಾಪುರಕ್ಕೆ ಹೋಗಲಿ. ಪಿ.ಎಸ್.ಐ., ಎಫ್.ಡಿ.ಎ., ಕೆ.ಎ.ಎಸ್. ಎಂದು ಓದುವವರ ಕೋಣೆಗಳು ಅಲ್ಲಿ ಓಣಿ ತುಂಬ. ಒಂದೇ ದಿನಪತ್ರಿಕೆಯನ್ನು ನಾಲ್ವರು ಹಾಳೆ ಹಂಚಿಕೊಂಡು ಓದಿ, ಗಿರ್ಮಿಟ್ಟು ತಿನ್ನುತ್ತ ಒಬ್ಬರಿಗೊಬ್ಬರು ಪ್ರಶ್ನೆ ಹಾಕುವ ಗುಂಪು ಸಾಹಿತ್ಯದ್ದಲ್ಲದಿರಬಹುದು, ಕವಿಯ ಅರ್ಥದಲ್ಲಿ ಸಜ್ಜನಸಂಗವೇ. ಗೆಳೆತನ ಎಂದು ನಾನು ಎಣಿಸದೆ ಇರುವುದು ಒಂದೇ: ಒಂದೇ ಕಟ್ಟೆಯ ಮೇಲೆ ಐವರು ಕೂತು ಐದು ಮೊಬೈಲಿನಲ್ಲಿ ರೀಲ್ಸ್ ನೋಡುವುದು. ಬೈಯುವ ಮಾತಲ್ಲ ಇದು. ಅಲ್ಲಿ ಒಡನಾಟವೇ ಇಲ್ಲ, ಅಷ್ಟೇ.

ಈಗ ಮೊದಲು ಹೇಳಿದ ಷರತ್ತು. ಹಲವು ಹಳ್ಳ ಕೂಡಿ ಸಮುದ್ರ ಎಂಬ ಹೋಲಿಕೆ ಕೇಳಲು ಸೊಗಸು. ಆದರೆ ಧಾರವಾಡದ ನೆಲ ಬೇರೆ ಮಾತು ಹೇಳುತ್ತದೆ. ಊರಿನ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಪಡುವಣಕ್ಕೆ ಹರಿದು ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಇದೇ ಜಿಲ್ಲೆಯ ಬೆಣ್ಣೆಹಳ್ಳ ಮಲಪ್ರಭೆಗೆ ಬಿದ್ದು, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಮಳೆ, ಒಂದೇ ಸೀಮೆ, ಆದರೂ ನೀರು ಒಂದೇ ಕಡೆ ಹರಿಯಲಿಲ್ಲ. ಕ್ಲಾಸು, ಕೆಲಸ, ಗೆಳೆಯರು ತಾವಾಗಿ ಕೂಡುವುದಿಲ್ಲ. ಯಾವ ಇಳಿಜಾರಿಗೆ ಬಿಡಬೇಕೆಂದು ನೋಡುವ ಕಣ್ಣು ಬೇಕು. ಆ ನಾಲ್ಕನೆಯದು ಇಲ್ಲದಿದ್ದರೆ ಉಳಿದ ನಾಲ್ಕೂ ಬೇರೆ ಬೇರೆ ದಿಕ್ಕಿಗೆ ಹರಿದು ಹೋಗುತ್ತವೆ.

ವಿವೇಕಕ್ಕೆ ಬೇಕಾದ ಮೊದಲ ಸಾಮಗ್ರಿ ನಿದ್ದೆ. ಕವಿ ಅದನ್ನು ಹೇಳಿಲ್ಲ. ಹೊತ್ತು ಮುಳುಗಿದರೆ ಮಲಗುವ ಕಾಲದವನು, ಹೇಳುವ ಅಗತ್ಯ ಬಿದ್ದಿರಲಿಕ್ಕಿಲ್ಲ. ಎರಡು ಗಂಟೆಗೆ ಪಾತ್ರೆ ಎಣಿಸಿ, ಆರಕ್ಕೆ ಎದ್ದು, ಒಂಬತ್ತಕ್ಕೆ ಹಾಜರಿ ಹೇಳುವ ಹುಡುಗ ಶೇಕಡಾ 75ರ ಹಾಜರಿಯನ್ನೇನೋ ಗಳಿಸುತ್ತಾನೆ. ಕಣ್ಣ ಮುಂದಿನ ಪಾಠ ಅವನೊಳಗೆ ಇಳಿಯುವುದಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ಯೋಚಿಸುವ ಶಕ್ತಿ ಮೊದಲು ಹೋಗುತ್ತದೆ. ವಾರಕ್ಕೆ ಎರಡು ರಾತ್ರಿಗಿಂತ ಹೆಚ್ಚು ಬಡಿಸಲು ಹೋಗಬೇಡ, ಸೆಮಿಸ್ಟರಿನ ಕೊನೆಯ ತಿಂಗಳು ಪೂರ್ತಿ ಬಿಡು ಎಂದು ನನ್ನನ್ನು ಕೇಳಿದವರಿಗೆ ಹೇಳುತ್ತೇನೆ. ಕೇಳುವವರು ಕೇಳುತ್ತಾರೆ, ಉಳಿದವರು ‘ಹೂಂರಿ ಸರ’ ಅಂದು ಹೋಗುತ್ತಾರೆ.

ಎಲ್ಲ ಹೊಣೆಯನ್ನೂ ಹುಡುಗರ ತಲೆಗೇ ಕಟ್ಟುವುದು ನ್ಯಾಯವಲ್ಲ. ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಿಗೆ ನನ್ನ ವಿನಂತಿ ಇಷ್ಟು: ಮುಂಜಾನೆ ಒಂದು, ಮಧ್ಯಾಹ್ನ ಒಂದು ಎಂದು ಪಿರಿಯಡ್ಡುಗಳನ್ನು ದಿನದ ತುಂಬ ಚೆಲ್ಲದೆ ಒಂದೇ ಹೊತ್ತಿಗೆ ಕೂಡಿಸಿ, ಇಂಟರ್ನಲ್ಸ್ ತಾರೀಕನ್ನು ಹಿಂದಿನ ದಿನ ಗೋಡೆಗೆ ಅಂಟಿಸದೆ ತಿಂಗಳ ಮೊದಲೇ ಹೇಳಿ, ಗ್ರಂಥಾಲಯವನ್ನು ದುಡಿದು ಬರುವವರ ಹೊತ್ತಿಗೂ ತೆರೆದಿಡಿ. ಕೇಟರಿಂಗ್ ಮಾಲಕರಿಗೂ ಒಂದು ಮಾತು. ಪರೀಕ್ಷೆಯ ಹಿಂದಿನ ರಾತ್ರಿ ಆ ಹುಡುಗನಿಗೆ ಫೋನ್ ಮಾಡಬೇಡಿ. ಮಾಡಿದರೆ ಅವನು ಒಲ್ಲೆ ಅನ್ನುವುದಿಲ್ಲ, ಬಂದೇ ಬರುತ್ತಾನೆ.